ಅಮ್ಮನ ಮೀನಿನ ಸಮಾಚಾರ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಚಿನಕುರಳಿ,

ನಿನ್ನ ಪತ್ರ ಬಂದು ಆಗಲೇ ಮೂರು ವಾರವಾಯಿತು. ಚಿಕ್ಕಮ್ಮ ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ. ಶಾಲೆಯ ಸಮವಸ್ತ್ರಗಳ ಹೊಲಿಗೆ ರಾಶಿ ಬಿದ್ದಿತ್ತು ಎಂದು ನೆಪ ಹೇಳಬಹುದು, ರಾಶಿ ಬಿದ್ದದ್ದೂ ನಿಜವೇ, ಆದರೆ ಬರೆಯದೆ ಇದ್ದದ್ದು ಅದಕ್ಕಲ್ಲ. ಕಾರಣ ಮುಂದೆ ಬರುತ್ತದೆ, ನಡುವೆ ಹಾರಿಸಿ ಓದಬೇಡ. ಇಲ್ಲಿ ನಾವು ಮೂವರೂ ಆರಾಮಾಗಿದ್ದೇವೆ. ಅಜ್ಜಿಯ ಮಂಡಿನೋವು ಇದ್ದಲ್ಲೇ ಇದೆ. ಊರಿಗೆಲ್ಲ ಲಿಫ್ಟ್ ರಿಪೇರಿ ಮಾಡುವ ನಿಮ್ಮಪ್ಪ ಮಾತ್ರ ಮನೆಗೆ ಬರಲು ಮೂರು ಮಹಡಿ ಹತ್ತಿ, ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಾ ಕಟ್ಟಡದ ಯಜಮಾನನನ್ನು ಬೈಯುತ್ತಾರೆ. ದಿನವೂ ಅದೇ ಬೈಗುಳ.

ಮಕ್ಕಳ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ಒಂದು ಸಣ್ಣ ಅಕ್ವೇರಿಯಂ ಇಡಿಸುವ ಕೆಲಸವನ್ನು ಡಾಕ್ಟರಮ್ಮ ನಿನಗೇ ಒಪ್ಪಿಸಿದ್ದಾರೆಂದು ಓದಿ ಖುಷಿಯಾಯಿತು. ರಿಸೆಪ್ಷನ್ ಮೇಜಿಗೆ ಹೋಗಿ ಕೂತು ಇನ್ನೂ ಎಷ್ಟು ದಿನವಾಯಿತು, ಅಷ್ಟರಲ್ಲೇ ನಂಬಿಕೆ ಗಳಿಸಿದ್ದೀಯ. "ಅಮ್ಮನ ಮೀನನ್ನು ನೋಡಿಕೊಂಡವರು ನೀವು, ನೀವೇ ಹೇಳಿಕೊಡಿ" ಎಂದು ಬರೆದಿದ್ದೀಯ. ಹೇಳುತ್ತೇನೆ, ಕೇಳು.

ದುಂಡನೆಯ ಗಾಜಿನ ಬುಂಡೆ ಮಾತ್ರ ಬೇಡ. ನೋಡಲು ಚಂದ, ಒಳಗಿರುವ ಜೀವಕ್ಕೆ ಉಸಿರುಕಟ್ಟು. ಅಂಗಡಿಯವನು ಅದನ್ನೇ ತಗಲಿಹಾಕಲು ನೋಡುತ್ತಾನೆ, ಜಗ್ಗಬೇಡ. ಅಗಲ ಬಾಯಿಯ ಚೌಕದ ಟ್ಯಾಂಕ್ ತೆಗೆದುಕೋ. ಚಿಕ್ಕದಾದಷ್ಟೂ ಕೆಲಸ ಸುಲಭ ಎಂದುಕೊಳ್ಳಬೇಡ, ನೀರು ಕಡಿಮೆಯಾದಷ್ಟೂ ಬೇಗ ಕೆಡುತ್ತದೆ. ಮೇಜು ಭಾರ ತಡೆಯುವಷ್ಟು ದೊಡ್ಡದೇ ಇರಲಿ. ಕಿಟಕಿ ಬಿಸಿಲು ಬೀಳುವಲ್ಲಿ ಇಟ್ಟರೆ ಪಾಚಿ ಕಟ್ಟುತ್ತದೆ. ನೀರು ತುಂಬಿಸಿ, ಫಿಲ್ಟರ್ ಹಾಕಿ, ಚಿಟಿಕೆ ಮೀನಿನ ಆಹಾರ ಉದುರಿಸುತ್ತಾ ಕೆಲವು ವಾರ ಬರೀ ನೀರನ್ನೇ ಓಡಿಸು. ಮೀನಿನ ಹೊಲಸನ್ನು ಅರಗಿಸುವ, ಕಣ್ಣಿಗೆ ಕಾಣದ ಒಳ್ಳೆಯ ಕ್ರಿಮಿಗಳು ಮೊದಲು ಒಳಗೆ ಸಂಸಾರ ಹೂಡಬೇಕು. ಅಲ್ಲಿಯವರೆಗೆ ಮಕ್ಕಳು "ಮೀನೆಲ್ಲಿ, ಮೀನೆಲ್ಲಿ" ಎಂದು ಪ್ರಾಣ ತಿಂದರೂ ಸೋಲಬೇಡ. ಆಮೇಲೆ ಗಪ್ಪಿಯಂಥ ಪುಟ್ಟ ಮೀನುಗಳನ್ನು ನಿಧಾನವಾಗಿ ಒಂದೊಂದಾಗಿ ಬಿಡು. ಗೋಲ್ಡ್‌ಫಿಶ್ ಸಣ್ಣ ಜಾಗದಲ್ಲಿ ಬಾಳುವುದಿಲ್ಲ, ಅದಕ್ಕೆ ನಮ್ಮ ಮನೆಯದರಂಥ ದೊಡ್ಡ ಟ್ಯಾಂಕೇ ಬೇಕು.

ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು, ಹಿಂದಿನ ದಿನವೇ ಹಿಡಿದಿಟ್ಟ ನೀರು ಹಾಕಬೇಕು. ಪೂರ್ತಿ ಬದಲಾಯಿಸಬಾರದು. ಫಿಲ್ಟರಿನ ಸ್ಪಂಜನ್ನು ತೆಗೆದ ಹಳೆಯ ನೀರಿನಲ್ಲೇ ಹಿಂಡು. ನಲ್ಲಿಯ ಕೆಳಗೆ ಹಿಡಿದು ಫಳಫಳ ತೊಳೆದೆಯೋ, ಆ ಕ್ರಿಮಿಗಳೆಲ್ಲ ಚರಂಡಿ ಪಾಲು. ಮತ್ತೆ ಊಟ ಹಾಕುವವರು ಒಬ್ಬರೇ ಇರಬೇಕು. ಡಾಕ್ಟರಮ್ಮ, ಕಸ ಗುಡಿಸುವಾಕೆ, ನೀನು, ಮೂವರೂ ಪ್ರೀತಿ ತೋರಿಸಿದರೆ ಪಾಪ, ಅವು ತಿಂದೇ ಸಾಯುತ್ತವೆ.

ಇಷ್ಟು ಬರೆಯಲು ಮೂರು ವಾರ ಬೇಕಾಗಿರಲಿಲ್ಲ. ಪತ್ರದ ಕೊನೆಯಲ್ಲಿ "ಅಮ್ಮನ ಮೀನಿನ ಹೊಸ ಫೋಟೋ ಒಂದು ಕಳಿಸಿ, ನನ್ನ ಮೇಜಿನ ಮೇಲೆ ಇಟ್ಟುಕೊಳ್ಳುತ್ತೇನೆ" ಎಂದಿದ್ದೆಯಲ್ಲ, ಅಲ್ಲಿ ನಾನು ಸಿಕ್ಕಿಬಿದ್ದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಮಗೂ, ಆ ಮೀನು ಈಗ ಇಲ್ಲ. ನಿನ್ನ ಪತ್ರ ಬರುವ ಮುಂಚಿನ ವಾರವೇ ಹೋಯಿತು. ಒಂದು ಲೋಟ ನೀರು ಕುಡಿದು ಬಾ, ಆಮೇಲೆ ಮುಂದೆ ಓದು.

ವಯಸ್ಸಾಗಿತ್ತು ಅದಕ್ಕೆ. ನಿನ್ನ ಅಮ್ಮ ತಂದು ಬಿಟ್ಟಾಗ ನೀನಿನ್ನೂ ಲಂಗ ಹಾಕಿಕೊಂಡು ಸ್ಟೂಲು ಹತ್ತಿ ನೋಡುತ್ತಿದ್ದೆಯಂತೆ. ಕೊನೆಕೊನೆಗೆ ತಳದಲ್ಲೇ ಒರಗಿಕೊಂಡಿರುತ್ತಿತ್ತು. ಊಟ ಉದುರಿಸಿದರೆ ಒಮ್ಮೆ ಮೇಲೆ ನೋಡಿ ಸುಮ್ಮನಾಗುತ್ತಿತ್ತು. ನಾವು ಮೂವರೂ ನೋಡಿದೆವು, ಒಬ್ಬರೂ ಬಾಯಿ ಬಿಡಲಿಲ್ಲ. ಒಂದು ಬೆಳಿಗ್ಗೆ ನಾನು ಹಾಲು ಕಾಯಿಸಲು ಇಟ್ಟು ಬಂದು ನೋಡಿದರೆ ಮಗ್ಗುಲಾಗಿ ತೇಲುತ್ತಿದೆ. ನಿಮ್ಮಪ್ಪ ಸ್ನಾನಕ್ಕೆ ಹೋಗಿದ್ದರು, ಅಜ್ಜಿಯ ಕೋಣೆಯ ಬಾಗಿಲು ಮುಚ್ಚಿತ್ತು. ಮೆತ್ತಗಿನ ಹತ್ತಿಬಟ್ಟೆಯ ತುಂಡೊಂದನ್ನು ಹುಡುಕಿ, ಅದರಲ್ಲಿ ಸುತ್ತಿ, ಬಾಲ್ಕನಿಯ ದೊಡ್ಡ ಹೂಕುಂಡದಲ್ಲಿ ಹೂತುಬಿಟ್ಟೆ. ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು. ಯಾರಿಗೂ ಏನೂ ಹೇಳಲಿಲ್ಲ.

ನಿಮ್ಮಪ್ಪ ಕೆಲಸಕ್ಕೆ ಹೋದ ಮೇಲೆ ದಾರದುಂಡೆ ತರುತ್ತೇನೆಂದು ಹೊರಟೆ. ಒಂದಲ್ಲ, ನಾಲ್ಕು ಮೀನಿನ ಅಂಗಡಿ ಅಲೆದು, ಅದೇ ಬಣ್ಣ, ಅದೇ ಗಾತ್ರದ್ದೊಂದನ್ನು ಹುಡುಕಿ ಚೀಲದಲ್ಲಿ ಬಚ್ಚಿಟ್ಟು ತರುವಷ್ಟರಲ್ಲಿ ಮಧ್ಯಾಹ್ನ. ಟ್ಯಾಂಕ್ ಹತ್ತಿರ ಬಂದೆ. ಒಳಗೆ ಮೀನು ಈಜುತ್ತಿದೆ. ಬೆಳಿಗ್ಗೆ ನನ್ನ ಕೈಯಾರೆ ಮಣ್ಣು ಮಾಡಿದ್ದೇನೆ, ಇಲ್ಲಿ ನೋಡಿದರೆ ಟ್ಯಾಂಕಿನ ನೀರುಗಿಡದ ಸುತ್ತ ಗಿರಕಿ ಹೊಡೆಯುತ್ತಿದೆ. ಬಾಲ್ಕನಿಗೆ ಓಡಿ ಕುಂಡ ನೋಡಿ ಬಂದೆ. ಅಜ್ಜಿ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು, ಆದರೆ ಕಾಲಲ್ಲಿ ಹೊರಗೆ ಹೋಗುವ ಚಪ್ಪಲಿ ಹಾಗೇ ಇತ್ತು. ಮಂಡಿನೋವೆಂದು ತಿಂಗಳುಗಟ್ಟಲೆ ಮೆಟ್ಟಿಲಿಳಿಯದವರು. ನಾನು ತಂದದ್ದನ್ನು ವಾಪಸ್ ಕೊಡುವುದಾದರೂ ಹೇಗೆ? ಅದನ್ನೂ ಗಿಡದ ಹಿಂದೆ ಮೆಲ್ಲಗೆ ಬಿಟ್ಟೆ.

ಸಾಯಂಕಾಲ ನಿಮ್ಮಪ್ಪ ಬಂದರು. ಆ ದಿನ ಕಟ್ಟಡದ ಯಜಮಾನನಿಗೆ ಬೈಗುಳ ಬೀಳಲಿಲ್ಲ. ಊಟದ ಡಬ್ಬಿಯನ್ನು ಎದೆಗವಚಿಕೊಂಡು ನೆಟ್ಟಗೆ ಟ್ಯಾಂಕ್ ಹತ್ತಿರ ಹೋಗಿ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದೇನಿದು? ಬೆಳಿಗ್ಗೆ ಸ್ನಾನಕ್ಕೆ ಹೋಗೋ ಮುಂಚೆ ನೋಡಿದೆ, ಒಂದು ಸತ್ತು ಬಿದ್ದಿತ್ತು. ಈಗ ಎರಡು ಓಡಾಡ್ತಿದಾವೆ."

"ನಿಮ್ಮ ಡಬ್ಬಿಯಲ್ಲೇನಿದೆ?" ಎಂದೆ ನಾನು.

ಅವರು ಮುಚ್ಚಳ ತೆಗೆದರು. ನೀರು ತುಂಬಿದ ಪ್ಲಾಸ್ಟಿಕ್ ಚೀಲದೊಳಗೆ ಮೂರನೆಯದು. ಅನ್ನ ಸಾರು ಏನಾಯಿತೋ, ಆ ಮನುಷ್ಯ ಮಧ್ಯಾಹ್ನ ಉಪವಾಸ ಇದ್ದರೋ, ಇವತ್ತಿಗೂ ಹೇಳಿಲ್ಲ. ನಾನು ಸೆರಗು ಬಾಯಿಗಿಟ್ಟುಕೊಂಡೆ. ಅವರು ಮೊದಲು ನಕ್ಕರು, ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತರು. "ಅವಳಿಗೆ ಇನ್ನೊಂದು ಸಲ ಸಾವಿನ ಸುದ್ದಿ ಹೇಳೋಕೆ ನನ್ನ ಕೈಲಿ ಆಗಲ್ಲ," ಅಂದರು.

ಅಜ್ಜಿಗೆ ನನ್ನನ್ನು ಕಂಡರೆ ಅಷ್ಟಕ್ಕಷ್ಟೇ, ನಿನಗೆ ಗೊತ್ತಿರುವುದೇ. ಮಗಳು ಹೋದ ಮೇಲೂ ಅಳಿಯನ ಮನೆಯಲ್ಲಿ ಉಳಿದದ್ದು ನಿನಗೋಸ್ಕರ. ನಾನು ಈ ಮನೆಗೆ ಬಂದಾಗಿನಿಂದ "ಏನಮ್ಮಾ, ಕಾಫಿ ಆಯ್ತಾ" ಎನ್ನುವುದಕ್ಕಿಂತ ಹೆಚ್ಚು ಮಾತಿಲ್ಲ. ಅವತ್ತು ಕುರ್ಚಿಯಿಂದ ಏಳದೆ ಹೇಳಿದರು:

"ಮೊದಲನೇದು ನಾನು ತಂದದ್ದು. ಇವಳು ಕುಂಡದ ಮಣ್ಣು ಕೆದಕೋದು ಕಿಟಕೀಲಿ ಕಂಡೆ. ಮಗು ಬಂದು ನೋಡಿ, ಚಿಕ್ಕಮ್ಮ ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂದ್ಕೊಂಡ್ರೆ? ನನ್ನ ಮಗಳ ಮೀನಿಗೆ ವಾರವಾರ ನೀರು ಹೊತ್ತೋಳು ಇವಳು. ಆ ಮಾತು ಇವಳ ಮೇಲೆ ಬರಬಾರ್ದು."

ನಾನು ಅಡುಗೆಮನೆಗೆ ಹೋಗಿಬಿಟ್ಟೆ. ತುಂಬಾ ಹೊತ್ತು ಪಾತ್ರೆ ತೊಳೆದೆ, ತೊಳೆದದ್ದನ್ನೇ ತೊಳೆದೆ.

ನಿನಗೆ ಹೇಳುವುದು ಬೇಡ, ಫೋನಿನಲ್ಲೂ ಬಾಯಿ ಬಿಡುವುದು ಬೇಡವೆಂದು ಮೂವರೂ ಒಪ್ಪಿಕೊಂಡೆವು. ಅಷ್ಟರಲ್ಲಿ ನಿನ್ನ ಪತ್ರ ಬಂತು. "ಸ್ವಲ್ಪ ದೂರದಿಂದ ಫೋಟೋ ತೆಗೆದ್ರೆ ಗೊತ್ತಾಗಲ್ಲ" ಎಂದರು ನಿಮ್ಮಪ್ಪ. "ಅವಳು ಮೂತಿ ನೋಡೇ ಹೇಳ್ತಾಳೆ, ಸುಮ್ನಿರಿ" ಎಂದರು ಅಜ್ಜಿ. ಮೂರರಲ್ಲಿ ಒಂದಕ್ಕೂ ಬಾಲದ ಬುಡದಲ್ಲಿ ಅಮ್ಮನ ಮೀನಿಗಿದ್ದ ಆ ಬಿಳಿ ಮಚ್ಚೆ ಇಲ್ಲ. ನಾನು ತೆಗೆದೂ ನೋಡಿದೆ ಫೋಟೋ. ಅದನ್ನು ನಿನ್ನ ಮೇಜಿನ ಮೇಲಿಟ್ಟು ನೀನು ದಿನಾ ನೋಡುತ್ತೀಯ ಎಂದು ನೆನೆದು ಅಳಿಸಿಬಿಟ್ಟೆ. ಅತ್ತುಬಿಡು ಮಗೂ, ತಡೆದುಕೊಳ್ಳಬೇಡ. ಬಂದಾಗ ಹೂಕುಂಡ ತೋರಿಸುತ್ತೇನೆ.

ಊಟ ತಿಂಡಿ ಸರಿಯಾಗಿ ಮಾಡು. ಕ್ಲಿನಿಕ್ಕಿನಲ್ಲಿ ಕೆಮ್ಮುವ ಮಕ್ಕಳ ನಡುವೆ ಇರುತ್ತೀಯ, ಕೈ ತೊಳೆಯುವುದು ಮರೆಯಬೇಡ. ನೀನು ಕೈಯಿಟ್ಟ ನೀರು ತಿಳಿಯಾಗಿರಲಿ, ನಿನ್ನ ಬದುಕೂ ಹಾಗೇ ಇರಲಿ.

ನಿನ್ನ
ಚಿಕ್ಕಮ್ಮ

ತಾ.ಕ.: ನಾನು ಯಾಕೆ ಮೀನು ತಂದೆ ಎಂದು ಅವರಿಬ್ಬರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿನಗೆ ಹೇಳುತ್ತೇನೆ. ನೀನು ಫೋನ್ ಮಾಡಿದಾಗ ಅಪ್ಪನ ಹತ್ತಿರ ಮಾತಾಡುತ್ತೀಯ, ಅಜ್ಜಿಯ ಹತ್ತಿರ ಹರಟುತ್ತೀಯ, ಕೊನೆಯಲ್ಲಿ "ಚಿಕ್ಕಮ್ಮನಿಗೆ ಕೊಡಿ" ಅನ್ನುತ್ತೀಯ. "ಮೀನು ಹೇಗಿದೆ?" "ಚೆನ್ನಾಗಿದೆ." "ತಿಂತಿದೆಯಾ?" "ತಿಂತಿದೆ." ಅಷ್ಟೇ. ಅಷ್ಟು ಮಾತಿಗಾಗಿ ನಾನು ಹೊಲಿಗೆ ಮೆಷಿನ್ನು ನಿಲ್ಲಿಸಿ, ಫೋನಿನ ಪಕ್ಕದಲ್ಲಿ ಮೊದಲಿನಿಂದಲೂ ನಿಂತಿರುತ್ತಿದ್ದೆ. ಅದು ಸತ್ತ ಬೆಳಿಗ್ಗೆ ನನಗೆ ಮೊದಲು ಬಂದ ಯೋಚನೆ ಮೀನಿನದಲ್ಲ, ನಿನ್ನ ಅಮ್ಮನದೂ ಅಲ್ಲ. ಇನ್ನು ಮೇಲೆ ಈ ಮಗು ನನ್ನನ್ನು ಯಾಕೆ ಕರೆಯುತ್ತಾಳೆ ಎಂದು. ಮುಂದಿನ ಸಲವೂ ಫೋನ್ ನನಗೆ ಕೊಡಿಸು. ಕೇಳಲು ಏನೂ ತೋಚದಿದ್ದರೆ ಸುಮ್ಮನೆ ಇರು, ಪರವಾಗಿಲ್ಲ. ನಾನು ಈ ಕಡೆ ನಿಂತಿರುತ್ತೇನೆ.