ಬಾಗಿಲಿಗೆ ಬಂದ ಅಜ್ಜಿ

ಲ್ಯಾವಿಂಗ್ಟನ್, ನೈರೋಬಿ
11-9-2013

ತಂಗೀ,

ನನ್ನ ಒಗ್ಗರಣೆ ಘಾಟಿನ ಬಗ್ಗೆ ವಾಚ್‌ಮನ್‌ಗೆ ದೂರು ಕೊಟ್ಟಿದ್ದ ಪಕ್ಕದ ಮನೆಯ ಯೆಹೂದಿ ಅಜ್ಜಿ ಇವತ್ತು ಬಾಗಿಲಿಗೇ ಬಂದು ಕ್ಷಮೆ ಕೇಳಿದರು. ನಾಡಿದ್ದು ಅವರ ಉಪವಾಸದ ಹಬ್ಬ, ಯೋಮ್ ಕಿಪ್ಪುರ್. ಮನುಷ್ಯರಿಗೆ ಮಾಡಿದ ತಪ್ಪನ್ನು ಆ ಮನುಷ್ಯರಲ್ಲೇ ಕ್ಷಮೆ ಕೇಳಿಕೊಳ್ಳದೆ ದೇವರೂ ಕ್ಷಮಿಸುವುದಿಲ್ಲವಂತೆ. ನಾನು ಮುಖ ಬಿಗಿದುಕೊಂಡೇ ನಿಂತಿದ್ದೆ. "ಕ್ಷಮಿಸಿದೆ ಅಂತ ಬೇಗ ಹೇಳಮ್ಮಾ, ಇನ್ನೂ ನಾಲ್ಕು ಮನೆ ಇದೆ" ಎಂದರು. ನಕ್ಕುಬಿಟ್ಟೆ.

ಅಮ್ಮನ ವೈಕುಂಠ ಸಮಾರಾಧನೆಗೆ ನೀನು ತಡವಾಗಿ ಬಂದದ್ದನ್ನು ಒಂಬತ್ತು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಅವತ್ತು ನಾನು ನಿನ್ನನ್ನು ಊಟದ ಎಲೆಯ ಮುಂದಿನಿಂದ ಎಬ್ಬಿಸಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ತಪ್ಪು ನನ್ನದು. ಕ್ಷಮಿಸೇ.

ಬಿ.ಪಿ. ಹತೋಟಿಯಲ್ಲಿದೆ, ಮಾತ್ರೆ ಇಲ್ಲೇ ಸಿಗುತ್ತದೆ. ಕಾರ್ಡಿನಲ್ಲಿ ಜಾಗವಿಲ್ಲ. ಬೈಯುವುದಕ್ಕಾದರೂ ಒಮ್ಮೆ ಫೋನ್ ಮಾಡು.

ನಿನ್ನ ಅಕ್ಕ
ಕಮಲಾಕ್ಷಿ