ಮೂರು ಅಚ್ಚಿಗೂ ಬ್ರೇಕ್

ಸ್ಪ್ರೂಸ್ ಕೋವ್, ಮೇನ್
ಮೇ ೪, ೨೦೧೯

ಡೆಲ್ಮಂಟ್‌ಗೆ,

ಹನ್ನೊಂದು ವರ್ಷದ ಮೇಲೆ ನಿನ್ನ ಕೈಬರಹ ನೋಡಿದೆ. ಕ್ಷೇಮ ಕೇಳಿಲ್ಲ, ಕೆಲಸ ಹೇಳಿದ್ದೀಯ. ಸರಿ, ಗಿರಾಕಿಯ ಹಾಗೆ ಬರೆದವನಿಗೆ ಅಂಗಡಿಯವಳ ಹಾಗೆಯೇ ಉತ್ತರಿಸುತ್ತೇನೆ.

ನಿನ್ನ ದೋಣಿಯ ಟ್ರೇಲರ್ ಇನ್ನೂ ನನ್ನ ಶೆಡ್ಡಿನ ಹಿಂದೆಯೇ ಇದೆ. ಚಕ್ರದ ಅಚ್ಚು ಮೂರು, ಬ್ರೇಕ್ ಒಂದಕ್ಕೆ. ‘ಒಂದು ಸಾಕು ಕಣೇ, ಮೂರಕ್ಕೂ ಹಾಕಿದ್ರೆ ಉಪ್ಪುನೀರು ಮೂರನ್ನೂ ತಿಂದ್ಹಾಕುತ್ತೆ’ ಅಂದವನು ನೀನು. ಈಗ ಜೂನ್‌ನಲ್ಲಿ ಬಂದು ದೋಣಿ ಒಯ್ಯುತ್ತೇನೆ, ಎಲ್ಲಕ್ಕೂ ಒಳ್ಳೆಯ ಬ್ರೇಕ್ ಹಾಕು ಎನ್ನುತ್ತೀಯ.

ಹಾಕಿದ್ದೇನೆ. ಆರೂ ಚಕ್ರಕ್ಕೆ ತುಕ್ಕು ಹಿಡಿಯದ ಡಿಸ್ಕ್, ಹೊಸ ಕೊಳವೆ, ಮುಂದೆ ಕರೆಂಟಿನ ಪಂಪು. ಹಳೆಯದು ಟ್ರೇಲರ್ ಹಿಂದಿನಿಂದ ಟ್ರಕ್ಕನ್ನು ನೂಕಿದಾಗ ಮಾತ್ರ ಹಿಡಿಯುತ್ತಿತ್ತು. ಹಿಂದಕ್ಕೆ ನಡೆಸುವಾಗಲೂ ಹಿಡಿದು ಸತಾಯಿಸುತ್ತದೆಂದು ಟ್ರಕ್ಕಿಗೆ ಜೋಡಿಸುವ ಕೊಕ್ಕೆಯ ಸಂದಿಗೆ ಮರದ ಬೆಣೆ ಸಿಕ್ಕಿಸುತ್ತಿದ್ದೆವು. ಮುಂದೆ ಹೊರಡುವ ಮೊದಲು ಅದನ್ನು ಕೀಳದಿದ್ದರೆ ಬ್ರೇಕೇ ಇಲ್ಲ. ಹೊಸದರಲ್ಲಿ ಆ ರಗಳೆಯಿಲ್ಲ. ನೀನು ಪೆಡಲ್ ತುಳಿದರೆ ಅದೂ ಹಿಡಿಯುತ್ತದೆ, ಅಷ್ಟೇ.

ಕೈಜೋಡಿಸಿದವನು ಆನ್ಸೆಲ್. ಹೌದು, ದಕ್ಕೆಯ ಇಳಿಜಾರಿನಲ್ಲಿ ನಿನ್ನ ಟ್ರಕ್ಕಿಗೂ ಗೋಡೆಗೂ ನಡುವೆ ಕಾಲು ಕಳೆದುಕೊಂಡ ನನ್ನ ತಮ್ಮನೇ. ‘ಭಾವಂಗೆ ಆರು ಡಿಸ್ಕಾ ಅಕ್ಕಾ? ನನ್ನ ಕೃತಕ ಕಾಲಿಗೆ ಒಂದು ಸ್ಕ್ರೂ ಹುಡುಕೋಕೆ ನೀನು ವಾರ ಮಾಡಿದ್ದೆ’ ಅಂದ. ಅವನು ನಿನ್ನನ್ನು ನೋಡುತ್ತಾನಾ ಎಂದು ಬರೆದಿದ್ದೆಯಲ್ಲ, ಕೇಳಿದೆ. ‘ಕೆಟ್ಟ ಬ್ರೇಕ್ ಇಟ್ಕೊಂಡು ಗುಡ್ಡ ಇಳ್ಸಿದೋನ ಜೊತೆ ನಂಗೇನು ಮಾತು? ಅವ್ನು ಬರೋ ದಿನ ಹೇಳು, ಅವತ್ತು ಮೀನಿಗೆ ಹೋಗ್ತೀನಿ’ ಅಂದ.

ಹಳೇ ಬ್ರೇಕಿನ ಡ್ರಮ್ಮು ಬಿಚ್ಚಿದೆ. ತುಕ್ಕು ಕೆರೆದರೆ ಒಳಗಿನ ಬ್ರೇಕ್ ಪಟ್ಟಿ ಹೆಚ್ಚು ಸವೆಯದೆ ಇನ್ನೂ ಮುಕ್ಕಾಲು ದಪ್ಪವಿತ್ತು. ಆನ್ಸೆಲ್ ನೋಡುವ ಮೊದಲೇ ಗುಜರಿಗೆ ಎಸೆದೆ.

ಊರೆಲ್ಲ ನಿನ್ನನ್ನು ಬ್ರೇಕಿನಲ್ಲಿ ದುಡ್ಡುಳಿಸಿದ ಜುಗ್ಗ ಎಂದಾಗ ನೀನು ಒಂದು ಮಾತೂ ಎದುರಾಡದೆ ಬ್ಯಾಗು ತುಂಬಿ ಹೊರಟೆ. ಜಗಳವಾಡಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆನೇನೋ. ದೊಡ್ಡ ಮನುಷ್ಯನ ಹಾಗೆ ಸುಮ್ಮನೆ ಹೋಗಿ ಊರಿನ ಕನಿಕರವನ್ನೆಲ್ಲ ನನಗೆ ಬಿಟ್ಟುಕೊಟ್ಟೆ. ಅದರ ಮೇಲೇ ಈ ಅಂಗಡಿ ಎದ್ದಿತು. ‘ಬ್ರೇಕ್ ವಿಷಯದಲ್ಲಿ ರಾಜಿಯಿಲ್ಲ’ ಎಂದು ಬೋರ್ಡು ಬರೆಸಿದ್ದೇನೆ. ಗಿರಾಕಿಗಳು ಅದನ್ನು ನಿನ್ನ ಕಥೆ ಎಂದು ಓದಿಕೊಳ್ಳುತ್ತಾರೆ. ನಾನು ತಿದ್ದಿಲ್ಲ.

ಕೊನೆಯ ಅಚ್ಚಿನ ಕೊಳವೆಯಿಂದ ಗಾಳಿ ತೆಗೆಯುವುದೊಂದು ಬಾಕಿ.

ಕಾಗದದ ಮೇಲೆ ಇನ್ನೂ ನಿನ್ನ ಹೆಂಡತಿ,
ವಿನೋಲಾ

ಬಿಟ್ಟುಹೋದ ಮಾತು: ಲಕೋಟೆ ಅಂಟಿಸಿ ಎರಡು ದಿನವಾಗಿತ್ತು, ಮತ್ತೆ ಒಡೆದಿದ್ದೇನೆ. ಆನ್ಸೆಲ್‌ನ ಕಾಲು ಹೋದ ದಿನ ಅಂಗಳದಿಂದ ಟ್ರೇಲರ್ ಹಿಂದಕ್ಕೆ ತೆಗೆಯುವಾಗ ಬೆಣೆ ಸಿಕ್ಕಿಸಿದವಳು ನಾನು. ಸಿಕ್ಕಿಸಿದವರೇ ಕೀಳಬೇಕು. ಫೋನ್ ಬಂತು, ಮರೆತೆ. ಪೊಲೀಸರು ಬರುವ ಮೊದಲು ಕಿತ್ತು ಕೋಟಿನ ಜೇಬಿಗೆ ಹಾಕಿಕೊಂಡೆ. ನೀನು ನೋಡಿದ್ದೆಯೋ ಏನೋ, ಒಮ್ಮೆಯೂ ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಆ ಬೆಣೆಯನ್ನು ಆನ್ಸೆಲ್‌ನ ಕೈಗೆ ಕೊಟ್ಟು ಎಲ್ಲ ಹೇಳಿದೆ. ತಿರುಗಿಸಿ ನೋಡಿ, ‘ಓಕ್ ಮರ. ಚೆನ್ನಾಗಿ ಉಳ್ದಿದೆ’ ಅಂದ. ಊರುಗೋಲು ತೆಗೆದುಕೊಂಡು ಹೊರಟುಹೋದ. ಫೋನ್ ಎತ್ತುತ್ತಿಲ್ಲ.

ಗಾಳಿ ತೆಗೆಯಲು ಇಬ್ಬರು ಬೇಕು, ಒಬ್ಬರು ಪಂಪಿನ ಸ್ವಿಚ್ ಹಿಡಿಯಲು, ಒಬ್ಬರು ತಿರುಪು ಬಿಡಿಸಲು. ಬರುವಾಗ ಹಳೇ ಬಟ್ಟೆ ಹಾಕಿಕೊಂಡು ಬಾ.