ನನಗಿಂತ ಮೊದಲು ಮನೆ ಸೇರಿದ ಹಲ್ಲು

೧೭, ಮಂಗಳವಾರ

ಇವತ್ತೂ ಪಾಲಿಶ್. ಕೆಳಗಿನ ಹಲ್ಲುಸೆಟ್ಟಿನ ಒಳಬದಿ ಇನ್ನೂ ಸ್ವಲ್ಪ ಒರಟು. ಬೇರೆ ಯಾರದ್ದಾದರೂ ಆಗಿದ್ದರೆ ಇಷ್ಟು ಸಾಕು ಎನ್ನುತ್ತಿದ್ದೆನೇನೋ. ಹದಿನಾಲ್ಕು ವರ್ಷದಿಂದ ಈ ಲ್ಯಾಬಿನಲ್ಲಿ ಕಂಡವರಿಗೆಲ್ಲ ಹಲ್ಲು ಕಟ್ಟಿದ್ದೇನೆ. ಅಪ್ಪನಿಗೆ ಇದೇ ಮೊದಲು.

ಹಲ್ಲು ತೆಗೆಸಿದ ಮೇಲೆ ಅಪ್ಪ ಫೋನಿಗೆ ಬಂದಿಲ್ಲ. ಮೂರು ತಿಂಗಳಾಯಿತು. ಮಾತಾಡಿದರೆ ಬರೀ ಗಾಳಿ ಬರುತ್ತದಂತೆ. ನಲವತ್ತು ವರ್ಷ ಕಟಿಂಗ್ ಶಾಪಿನಲ್ಲಿ ಕತ್ತರಿಗಿಂತ ಬಾಯನ್ನೇ ಹೆಚ್ಚು ಆಡಿಸಿದ ಮನುಷ್ಯ. ಈಗ ಬಾಯಿಗೆ ಕರ್ಚೀಫು ಕಟ್ಟಿಕೊಂಡು ಮೌನವಾಗಿ ಕೂದಲು ಕತ್ತರಿಸುತ್ತಾರಂತೆ.

"ಯಜಮಾನ್ರಿಗೆ ನಮ್ಮೇಲೇನಾದ್ರೂ ಕೋಪಾನಾ ಅಂತ ಗಿರಾಕಿಗಳು ನನ್ನ ಕೇಳ್ತಾರೆ ಕಣೇ" ಎಂದಳು ಅಮ್ಮ.

ಹಬ್ಬದ ರಜೆ ಮುಗಿಯುವ ತನಕ ಯಾವ ಭರವಸೆಯೂ ಕೊಡಲಾರೆವು ಎಂದರು ಕೊರಿಯರ್‌ನವರು. ನಾನೇ ಒಯ್ಯುತ್ತೇನೆ. ಟಿಕೆಟ್ — ವೇಟಿಂಗ್ ಲಿಸ್ಟ್ ೨೧೨.

೧೯, ಗುರುವಾರ

ವೇಟಿಂಗ್ ಲಿಸ್ಟ್ ೨೦೯. ಇಡೀ ದೇಶದಲ್ಲಿ ಮನೆಗೆ ಹೋಗುವ ಮನಸ್ಸು ಬದಲಿಸಿದವರು ಮೂರೇ ಜನ.

ಲ್ಯಾಬಿನ ಯಜಮಾನರು ಬೀಗ ಹಾಕುವಾಗ, "ಹಲ್ಲು ಕಚ್ಕೊಂಡು ಹೋಗ್ಬಾಮ್ಮ. ಹೇಗೂ ಕೈಲೇ ಇದೆ" ಎಂದರು.

ಸೆಟ್ಟನ್ನು ಒದ್ದೆ ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿದೆ. ಮೇಲೆ ಲ್ಯಾಬಿನ ಚೀಟಿ, ಫೋನ್ ನಂಬರು. ಪೇಷಂಟಿನ ಹೆಸರು ಬರೆಯುವ ಜಾಗದಲ್ಲಿ 'ಅಪ್ಪ' ಎಂದು ಬರೆದೆ.

೨೧, ಶನಿವಾರ, ಬೆಳಿಗ್ಗೆ ೧೦

ಆದದ್ದಿಷ್ಟು.

ಟಿಕೆಟ್ ಖಾತ್ರಿಯಾಗಲಿಲ್ಲ. ಜನರಲ್ ಬೋಗಿಗೆ ಬಂದರೆ ಬಾಗಿಲಲ್ಲಿ ಸೂಜಿ ಹೋಗಲೂ ಜಾಗವಿಲ್ಲ. ಕಿಟಕಿ ಪಕ್ಕ ಕೂತ ಹೆಂಗಸೊಬ್ಬರು, "ಬ್ಯಾಗ್ ಇಲ್ಲಿ ಕೊಡಿ, ಸೀಟ್ ಹಿಡ್ದಿರ್ತೀನಿ. ನೀವು ಬಾಗ್ಲಿಂದ ಬನ್ನಿ" ಎಂದರು. ಕೊಟ್ಟೆ. ಓಡಿದೆ. ಒಂದು ಕಾಲು ಒಳಗೆ ಹೋಯಿತು, ಇನ್ನೊಂದು ಹೋಗಲಿಲ್ಲ. ಯಾರದೋ ಸೂಟ್‌ಕೇಸು ಎದೆಗೆ ತಾಗಿತು. ಕೆಳಗಿಳಿದೆ. ರೈಲು ಹೊರಟಿತು.

ನಾನು ಪ್ಲಾಟ್‌ಫಾರ್ಮಿನಲ್ಲಿ. ಹಲ್ಲು ರೈಲಿನಲ್ಲಿ.

ಬಳಿ ಉಳಿದದ್ದು ಪರ್ಸು, ಫೋನು, ಈ ಪುಸ್ತಕ. ಅತ್ತುಬಿಟ್ಟೆ. ಸುತ್ತ ಎಲ್ಲರಿಗೂ ಅವರವರ ಅವಸರ, ಯಾರೂ ನೋಡಲಿಲ್ಲ. ಒಳ್ಳೆಯದೇ ಆಯಿತು.

ಅದೇ ದಿನ, ೧೧.೩೦

ಯಜಮಾನರ ಫೋನು. ಲ್ಯಾಬಿನ ಕರೆಗಳೆಲ್ಲ ರಜೆಯಲ್ಲಿ ಅವರ ಮೊಬೈಲಿಗೇ ಹೋಗುತ್ತವೆ.

"ಎಲ್ಲಿದ್ದೀಯಮ್ಮ?"

"ಸ್ಟೇಷನ್ನಲ್ಲೇ ಸಾರ್."

"ಯಾರೋ ಹೆಂಗಸು ಫೋನ್ ಮಾಡಿದ್ರು. ನಿಮ್ಮಪ್ಪನ ಹಲ್ಲು ನನ್ನ ತೊಡೆ ಮೇಲಿದೆ, ಏನ್ಮಾಡ್ಲಿ ಅಂತಾರೆ. ನಮ್ಮಪ್ಪ ಹೋಗಿ ಇಪ್ಪತ್ತು ವರ್ಷ ಆಯ್ತು ತಾಯಿ ಅಂದೆ. ಆಮೇಲೆ ಹೊಳೀತು."

ನಂಬರು ಕೊಟ್ಟರು. ತಕ್ಷಣ ಮಾಡಿದೆ. ಕಿಟಕಿ ಅಕ್ಕ (ಇನ್ನು ಅವರಿಗೆ ಇದೇ ಹೆಸರು) ಮತ್ತು ಅವರ ಗಂಡ ನಮ್ಮೂರಲ್ಲೇ ಇಳಿದು ಬಸ್ ಬದಲಿಸುವವರು.

"ಅಡ್ರೆಸ್ ಹೇಳಿ. ಮನೆಗೇ ಕೊಟ್ಟು ಮುಂದಿನ ಬಸ್ ಹತ್ತೀವಿ."

"ನಿಮಗೆ ಸುಮ್ನೆ ತೊಂದ್ರೆ..."

"ತೊಂದ್ರೆ ಏನು ಬಂತು? ಬ್ಯಾಗ್ ಇಸ್ಕೊಂಡಿದ್ದು ನಾನೇ ಅಲ್ವಾ. ನೀವು ನಿಧಾನಕ್ಕೆ ಬನ್ನಿ."

ಮತ್ತೆ ಅತ್ತೆ. ಈ ಸಲ ಬೇರೆ ಥರ.

೨೨, ಭಾನುವಾರ, ಮಧ್ಯಾಹ್ನ

ಇನ್ನೆರಡು ರೈಲು ತಪ್ಪಿದವು. ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ತಾಸು ನಿಂತ ಮೇಲೆ ಡ್ರೈವರ್ ಪಕ್ಕದ ಇಂಜಿನ್ ಮೇಲೆ ಜಾಗ. ಕೆಳಗೆ ಕಾದ ಹೆಂಚು, ಮುಂದೆ ಕಣ್ಣು ಹೋದಷ್ಟೂ ವಾಹನ. ಒಂದು ತಾಸಿನಿಂದ ಬಸ್ಸು ಅಲುಗಿಲ್ಲ, ಹಾಗಾಗಿಯೇ ಅಕ್ಷರ ನೆಟ್ಟಗಿದೆ.

ಆಗಲೇ ಅಮ್ಮನ ನಂಬರಿನಿಂದ ಕರೆ. ಎತ್ತಿದರೆ ಅಮ್ಮನಲ್ಲ.

"ಸರಿಯಾಗಿ ಸೆಟ್ ಆಗಿದೆ ಕಣೇ. ಸ್ವಲ್ಪಾನೂ ಸಡಿಲ ಇಲ್ಲ."

ನಾಲ್ಕು 'ಸ'. ನಾಲ್ಕೂ ಗಟ್ಟಿಮುಟ್ಟು. ಫೋನನ್ನು ಕಿವಿಗೆ ಒತ್ತಿ ಹಿಡಿದು ಕಣ್ಣೊರೆಸಿಕೊಂಡೆ.

"ಯಾಕಮ್ಮ, ಏನಾದ್ರೂ ಕೆಟ್ಟ ಸುದ್ದಿನಾ?" ಎಂದರು ಡ್ರೈವರ್.

"ಇಲ್ಲ. ನಮ್ಮಪ್ಪ ಮಾತಾಡ್ತಿದಾರೆ."

ಅವರಿಗೆ ಏನು ಅರ್ಥವಾಯಿತೋ, ಹಾರ್ನ್ ಒತ್ತುವುದನ್ನು ಬಿಟ್ಟರು. ಅಪ್ಪ ಮೂರು ತಿಂಗಳ ಬಾಕಿ ತೀರಿಸುವವರಂತೆ ಮಾತಾಡಿದರು. ಬ್ಯಾಟರಿ ಸತ್ತಿತು. ಅವರು ಇನ್ನೂ ಮಾತಾಡುತ್ತಿರಬಹುದು.

೨೩, ಸೋಮವಾರ, ಮಧ್ಯಾಹ್ನ

ತಲುಪಿದೆ. ಸೊಂಟ ನನ್ನದಲ್ಲ, ಕಾಲು ಯಾರದೋ. ಆದರೂ ತಿರುವಿನಿಂದಲೇ ಓಡಿದೆ. ಅಲ್ಲಿಗೇ ಕೇಳುತ್ತಿತ್ತು, ಅಪ್ಪನ ದನಿ.

ಶಾಪಿನ ಕುರ್ಚಿಯಲ್ಲಿ ಅಪರಿಚಿತರೊಬ್ಬರು, ಕುತ್ತಿಗೆಗೆ ಬಿಳಿ ಬಟ್ಟೆ, ಅರ್ಧ ತಲೆ ಕಟಿಂಗ್ ಆಗಿದೆ. ಅಪ್ಪ ಕತ್ತರಿಯನ್ನು ಗಾಳಿಯಲ್ಲಿ ಹಿಡಿದು ಕತೆ ಹೇಳುತ್ತಿದ್ದಾರೆ. ಬೆಂಚಿನ ಮೇಲೆ ಅಮ್ಮ, ಪಕ್ಕದಲ್ಲಿ ಕಾಫಿ ಲೋಟ ಹಿಡಿದ ಕಿಟಕಿ ಅಕ್ಕ. ಇವರಿಗೆ ಬಸ್ಸೂ ಸಿಕ್ಕಿಲ್ಲ, ಅಮ್ಮ ಬಿಟ್ಟೂ ಇಲ್ಲ.

"ನಮ್ಮನೆಯೋರ ಕಟಿಂಗ್ ನಿನ್ನೆ ಶುರುವಾಗಿದ್ದು" ಎಂದರು ಅಕ್ಕ. "ಒಂದು ಕಿವಿ ಕಡೆ ಮುಗಿದಿದೆ."

ಅಪ್ಪ ನನ್ನನ್ನು ನೋಡಿದರು. ಹಲ್ಲು ಪೂರ್ತಿ ಕಾಣುವಂತೆ ನಕ್ಕರು. ಆಮೇಲೆ ಬೆಳಕಿಗೆ ಬಾಯಿ ತೆರೆದರು. ಎಡಗಡೆ ಒಸಡು ಸ್ವಲ್ಪ ಕೆಂಪಗಿದೆ.

"ನೋವಿದೆಯಾ ಅಪ್ಪ?"

"ಇದ್ರೆ ಇರ್ಲಿ ಬಿಡು."

"ತೆಗೆದು ಕೊಡಿ. ಅಂಚು ಒಂಚೂರು ಉಜ್ಜಿದ್ರೆ ಸಾಕು, ಹತ್ತೇ ನಿಮಿಷ."

ಹತ್ತು ನಿಮಿಷ ಎಂದದ್ದಕ್ಕೆ ಗಾಬರಿಯಾದರು. "ಈ ಕತೆ ಒಂದು ಮುಗಿಸಿ ಕೊಡ್ತೀನಿ."

ಒಂದು ತಾಸಾಯಿತು. ಉಜ್ಜುವ ಅರ ಹಿಡಿದು ಬೆಂಚಿನ ಮೇಲೆ ಕಾಯುತ್ತಿದ್ದೇನೆ. ಅದಕ್ಕೇ ಇಷ್ಟು ಬರೆಯಲಾಯಿತು. ಈಗ ಮುಗಿಯುವ ಲಕ್ಷಣ. ಎಲ್ಲರೂ ನಗುತ್ತಿದ್ದಾರೆ. ಕತ್ತರಿ ಕೆಳಗಿಟ್ಟರು. ಬಾಯಿಗೆ ಕೈ ಹಾಕಿದರು... ಇಲ್ಲ, ಇನ್ನೊಂದು ಶುರು—